ಎತ್ತದೆ ಸಾಗಿಸುವುದು: ದಾದಿಯರ ತರಬೇತಿಯಲ್ಲಿ ಬಿಟ್ಟುಹೋಗುವ ಪಾಠ

‘ಇರಿ’ ಎಂಬುದು ಎರಡೇ ಅಕ್ಷರದ ಮಾತು. ಕನ್ನಡದಲ್ಲಿ ಅದರ ಅರ್ಥ ಸ್ವಲ್ಪ ತಾಳಿ, ಇದ್ದ ಹಾಗೆಯೇ ಇರಿ ಎಂದು. ಮಲಯಾಳದಲ್ಲಿ ಕುಳಿತುಕೋ ಎಂದು. ಕೊಟ್ಟಾಯಂ ಕಡೆಯಿಂದ ಬಂದು ಕಾಸರಗೋಡಿನಲ್ಲಿ ಕೆಲಸಕ್ಕೆ ಸೇರಿದ ನರ್ಸ್ ಒಬ್ಬರು ಎಣ್ಮಕಜೆಯ ಕನ್ನಡದ ಅಜ್ಜನನ್ನು ಗಾಲಿಕುರ್ಚಿಗೆ ಬೆನ್ನು ಮಾಡಿ ನಿಲ್ಲಿಸಿ ‘ಇರಿ’ ಎಂದರೆ, ಅಜ್ಜ ಮೊಣಕಾಲು ಬಿಗಿಹಿಡಿದು ನಿಂತೇ ಇರುತ್ತಾರೆ. ಅತ್ತ ನರ್ಸ್ ಅವರನ್ನು ಕೆಳಕ್ಕೆ ಇಳಿಸಲು ಹೊರಟಿರುತ್ತಾರೆ, ಇತ್ತ ಅಜ್ಜ ಆ ಕೈಗಳಿಗೆ ಎದುರು ಬಲ ಕೊಡುತ್ತಿರುತ್ತಾರೆ. ಇದರ ತಿರುವುಮುರುವೂ ಉಂಟು. ಚೆರುವತ್ತೂರಿನ ಮಲಯಾಳಿ ರೋಗಿಯೊಬ್ಬರು ಮಂಚದಿಂದ ಅರ್ಧ ಎದ್ದುದನ್ನು ಕಂಡು ಕನ್ನಡದ ನರ್ಸ್ ಗಾಬರಿಯಿಂದ ‘ಇರಿ, ಇರಿ’ ಎಂದು ಕೂಗಿದರೆ, ಅವರು ಹಿಂದೆ ಮಂಚದ ಅಂಚು ಇದೆಯೋ ಇಲ್ಲವೋ ನೋಡದೆ ಕುಳಿತುಬಿಡುತ್ತಾರೆ. ಎರಡೂ ಸಂದರ್ಭಗಳಲ್ಲಿ ನರ್ಸಿನ ತೋಳುಬಲದಲ್ಲಿ ಕೊರತೆಯೇನೂ ಇರಲಿಲ್ಲ.

ರೋಗಿಯನ್ನು ಸಾಗಿಸುವುದೆಂದರೆ ಬಲದ ಕೆಲಸವೆಂಬ ಭಾವನೆ ನಮ್ಮಲ್ಲಿ ಬಹಳ ಆಳವಾಗಿದೆ. ವಾರ್ಡಿನಲ್ಲಿ ಗಟ್ಟಿಮುಟ್ಟಾದ ಅಟೆಂಡರ್ ಇದ್ದಾರೆಂದರೆ ನೆಮ್ಮದಿ. ಇಲ್ಲವಾದರೆ ರೋಗಿಯ ಜತೆಗಿರುವ ಬೈಸ್ಟಾಂಡರನ್ನು ಕರೆದು ‘ಒಂದು ಕೈ ಹಾಕಿ’ ಎನ್ನುವುದು ವಾಡಿಕೆ. ನರ್ಸಿಂಗ್ ಪಠ್ಯದ ಮೊದಲ ವರ್ಷದಲ್ಲೇ ಶರೀರವನ್ನು ಸರಿಯಾಗಿ ಬಳಸುವ ಕ್ರಮದ ಪಾಠವಿದೆ. ಸೊಂಟ ಬಾಗಿಸಬೇಡಿ, ಮೊಣಕಾಲು ಮಡಚಿ, ಭಾರವನ್ನು ಮೈಗೆ ಹತ್ತಿರ ಹಿಡಿಯಿರಿ ಎಂದು ಎಲ್ಲ ವಿದ್ಯಾರ್ಥಿಗಳೂ ಪರೀಕ್ಷೆಯಲ್ಲಿ ಬರೆಯುತ್ತಾರೆ. ಆ ಮಾತುಗಳಲ್ಲಿ ತಪ್ಪಿಲ್ಲ, ಆದರೆ ಅವು ಪೆಟ್ಟಿಗೆಯನ್ನು ಎತ್ತುವವರಿಗೆ ಹೇಳಿದ ಮಾತುಗಳು. ಮಂಚದ ನಡುವೆ ಮಲಗಿರುವ ಮನುಷ್ಯನನ್ನು ಮೈಗೆ ಹತ್ತಿರ ಹಿಡಿಯುವುದು ಹೇಗೆ ಎಂಬ ಪ್ರಶ್ನೆಗೆ ಅವುಗಳಲ್ಲಿ ಉತ್ತರವಿಲ್ಲ.

ಈ ಪ್ರಶ್ನೆಯ ಹಿಂದಿರುವ ಲೆಕ್ಕವನ್ನು ನಮ್ಮ ಹೆಂಗಸರು ಬಾವಿಕಟ್ಟೆಯಲ್ಲಿಯೇ ಕಲಿತಿರುತ್ತಾರೆ. ತುಂಬಿದ ಕೊಡವನ್ನು ಯಾರೂ ಕೈ ಮುಂದೆ ಚಾಚಿ ಹಿಡಿದು ನಡೆಯುವುದಿಲ್ಲ, ಸೊಂಟಕ್ಕೆ ಏರಿಸಿಕೊಳ್ಳುತ್ತಾರೆ. ಕಾರಣವಿಷ್ಟೆ. ಬೆನ್ನುಮೂಳೆಯ ಕೆಳಭಾಗವನ್ನು ಏತದ ಆಧಾರಗಂಬವೆಂದು ಭಾವಿಸಿದರೆ, ಮುಂದೆ ಹಿಡಿದ ಭಾರ ಏತದ ಉದ್ದನೆಯ ತುದಿಯಲ್ಲಿದೆ. ಅದನ್ನು ತೂಗಿಸಬೇಕಾದ ಬೆನ್ನಿನ ಸ್ನಾಯುಗಳು ಆಧಾರಕ್ಕೆ ಅಂಟಿಕೊಂಡಂತೆ, ಸುಮಾರು 5 ಸೆಂಟಿಮೀಟರ್ ದೂರದಲ್ಲಿ ಮಾತ್ರ ಇವೆ. 10 ಕಿಲೋ ಭಾರವನ್ನು 50 ಸೆಂಟಿಮೀಟರ್ ಮುಂದೆ ಹಿಡಿದರೆ ಆ ಸ್ನಾಯುಗಳು ಹತ್ತು ಪಟ್ಟು, ಅಂದರೆ 100 ಕಿಲೋ ತೂಕಕ್ಕೆ ಸಮನಾದ ಬಲದಿಂದ ಎಳೆಯಬೇಕಾಗುತ್ತದೆ. ಈ ಎಳೆತವೆಲ್ಲ ಕಶೇರುಗಳ ನಡುವಿನ ಡಿಸ್ಕಿನ ಮೇಲೆ ಒತ್ತಡವಾಗಿ ಬೀಳುತ್ತದೆ. ಬಾಗಿದ ನರ್ಸಿನ ಸ್ವಂತ ಮೈಯ ಮೇಲ್ಭಾಗದ ಭಾರವನ್ನು ಇದಕ್ಕೆ ಇನ್ನೂ ಸೇರಿಸಿಲ್ಲ. ಬಾಗಿದ ಸ್ಥಿತಿಯಲ್ಲಿಯೇ ಪಕ್ಕಕ್ಕೆ ತಿರುಗಿದರೆ ಡಿಸ್ಕಿನ ಹೊರಪದರದ ಎಳೆಗಳಿಗೆ ಆಗುವ ಹಾನಿ ಮತ್ತಷ್ಟು ಹೆಚ್ಚುತ್ತದೆ. ಮಂಚದಿಂದ ಕುರ್ಚಿಗೆ ಸಾಗಿಸುವಾಗ ತಿರುಗದೆ ಗತ್ಯಂತರವೇ ಇಲ್ಲ ಎಂಬುದನ್ನು ನೆನಪಿಡಬೇಕು.

ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆಯಾದ ನಯಾಷ್, ಎಲ್ಲ ಅನುಕೂಲಗಳೂ ಕೂಡಿಬಂದಾಗ ಒಬ್ಬರು ಎತ್ತಬಹುದಾದ ಭಾರಕ್ಕೆ 23 ಕಿಲೋ ಎಂಬ ಮೇಲ್ಮಿತಿಯನ್ನು ಇಟ್ಟಿದೆ. ಅದೇ ಸಂಸ್ಥೆಯ ಥಾಮಸ್ ವಾಟರ್ಸ್ 2007ರಲ್ಲಿ ರೋಗಿಗಳ ವಿಷಯಕ್ಕೆ ಈ ಲೆಕ್ಕವನ್ನು ಅನ್ವಯಿಸಿ, ಅಲ್ಲಿ ಮಿತಿ 35 ಪೌಂಡ್, ಅಂದರೆ ಸುಮಾರು 16 ಕಿಲೋ ಎಂದು ಬರೆದರು. ಮನೆಯಲ್ಲಿ ಬಳಸುವ ತುಂಬಿದ ಗ್ಯಾಸ್ ಸಿಲಿಂಡರಿನ ತೂಕದ ಹೆಚ್ಚುಕಡಿಮೆ ಅರ್ಧ ಅಷ್ಟಾಯಿತು. ಸಿಲಿಂಡರಿಗಾದರೂ ಹಿಡಿಕೆಯಿದೆ, ಅದು ಹೆದರಿ ನಮ್ಮ ಕುತ್ತಿಗೆಗೆ ಜೋತುಬೀಳುವುದಿಲ್ಲ. ಮನುಷ್ಯನ ಒಂದು ಕಾಲು ಅವನ ಒಟ್ಟು ತೂಕದ ಶೇಕಡ 16ರಷ್ಟಿರುತ್ತದೆ. 60 ಕಿಲೋ ತೂಗುವವರ ಒಂದು ಕಾಲು ಸುಮಾರು 10 ಕಿಲೋ. ಅಂದರೆ ಪ್ರಜ್ಞೆಯಿಲ್ಲದ ರೋಗಿಯ ಎರಡು ಕಾಲುಗಳನ್ನು ಒಟ್ಟಿಗೆ ಎತ್ತಿ ಮಂಚದ ಮೇಲಿಡುವಷ್ಟರಲ್ಲೇ ನರ್ಸ್ ಮಿತಿಯನ್ನು ದಾಟಿಯಾಗಿದೆ. ಇಡೀ ರೋಗಿಯನ್ನು ಇಬ್ಬರು ಸೇರಿ ಎತ್ತಿದರೂ ಲೆಕ್ಕ ಸರಿಹೋಗುವುದಿಲ್ಲ ಎಂಬುದು ಇದರಿಂದ ಸ್ಪಷ್ಟ.

ಹಾಗಾದರೆ ಸರಿಯಾದ ಭಂಗಿಯನ್ನು ಚೆನ್ನಾಗಿ ಕಲಿಸಿದರೆ ಸಾಲದೇ? ಸಾಲದು. ಭಾರ ಎತ್ತುವ ಕೆಲಸಗಾರರ ಬೆನ್ನುನೋವಿನ ಬಗ್ಗೆ ಜಗತ್ತಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ 2011ರ ಕೊಕ್ರೇನ್ ವಿಮರ್ಶೆಗೆ, ತಂತ್ರದ ತರಬೇತಿಯಿಂದ ಬೆನ್ನುನೋವು ತಪ್ಪುತ್ತದೆ ಎನ್ನಲು ಆಧಾರ ಸಿಗಲಿಲ್ಲ. ತರಬೇತಿಯ ಜತೆಗೆ ಸಾಧನಗಳನ್ನು ಕೊಟ್ಟ ಕಡೆಗಳಲ್ಲಿಯೂ ಸಿಗಲಿಲ್ಲ. ತರಬೇತಿ ಕೊಡುವವರಿಗೆ ಇದು ಕಹಿಯಾದ ಸಂಗತಿ; ವರ್ಷಕ್ಕೊಂದು ದಿನ ಸಭಾಂಗಣದಲ್ಲಿ ಸ್ಲೈಡು ತೋರಿಸಿ, ಸಹಿ ಹಾಕಿಸಿಕೊಂಡು, ಊಟ ಕೊಟ್ಟು ಕಳುಹಿಸುವ ಕಾರ್ಯಕ್ರಮಗಳನ್ನು ನಡೆಸಿದವರಲ್ಲಿ ನಾನೂ ಒಬ್ಬಳು. ಇದಕ್ಕೆ ಭಿನ್ನವಾಗಿ ಆಸ್ಟ್ರೇಲಿಯದ ವಿಕ್ಟೋರಿಯ ರಾಜ್ಯದ ದಾದಿಯರ ಸಂಘಟನೆ 1998ರಲ್ಲಿ ಬೇರೊಂದು ದಾರಿ ಹಿಡಿಯಿತು. ರೋಗಿಯ ಪೂರ್ತಿ ಅಥವಾ ಹೆಚ್ಚಿನ ಭಾರವನ್ನು ಕೈಯಿಂದ ಎತ್ತುವುದೇ ಇಲ್ಲ ಎಂಬ ನೀತಿಯನ್ನು ಅದು ಮುಂದಿಟ್ಟಿತು. ಅಲ್ಲಿ ಬದಲಾದದ್ದು ಒಬ್ಬೊಬ್ಬ ನರ್ಸಿನ ಭಂಗಿಯಲ್ಲ, ಇಡೀ ವಾರ್ಡಿನ ಕೆಲಸದ ಕ್ರಮ. ಬ್ರಿಟನ್ನಿನಲ್ಲಿ 1992ರಲ್ಲಿ ಬಂದ ನಿಯಮಗಳ ಅನುಕ್ರಮವೂ ಹೀಗೆಯೇ ಇದೆ: ಅಪಾಯದ ಎತ್ತುವಿಕೆಯನ್ನು ಸಾಧ್ಯವಾದಷ್ಟು ತಪ್ಪಿಸಬೇಕು, ತಪ್ಪಿಸಲಾಗದ್ದನ್ನು ಅಂದಾಜು ಮಾಡಬೇಕು, ಅಂದಾಜು ಮಾಡಿದ ಅಪಾಯವನ್ನು ಕುಗ್ಗಿಸಬೇಕು. ನಮ್ಮ ತರಬೇತಿ ಸಾಮಾನ್ಯವಾಗಿ ಮೂರನೆಯದರಿಂದ ಆರಂಭವಾಗಿ ಅಲ್ಲಿಯೇ ಮುಗಿಯುತ್ತದೆ.

ಮೊದಲು ಕಲಿಸಬೇಕಾದದ್ದು ಅಂದಾಜು. ರೋಗಿ ಎಷ್ಟರಮಟ್ಟಿಗೆ ಚಲಿಸಬಲ್ಲರೆಂದು ನೋಡುವ, ಬಿಮ್ಯಾಟ್ ಎಂದು ಕರೆಯುವ ಒಂದು ಪರೀಕ್ಷಾಕ್ರಮ ಬಹಳ ಸರಳವಾದದ್ದು. ಅದಕ್ಕೆ ಯಾವ ಉಪಕರಣವೂ ಬೇಡ. ರೋಗಿ ಮಂಚದ ಅಂಚಿನಲ್ಲಿ ಆಧಾರವಿಲ್ಲದೆ ಕುಳಿತು, ಎದೆಯ ನಡುಗೆರೆಯನ್ನು ದಾಟಿ ಕೈ ಚಾಚಿ ನರ್ಸಿನ ಕೈ ಕುಲುಕಬಲ್ಲರೇ ಎಂಬುದು ಮೊದಲ ಹಂತ. ಕುಳಿತಲ್ಲಿಯೇ ಮೊಣಕಾಲನ್ನು ನೇರ ಮಾಡಿ ಪಾದವನ್ನು ಮೇಲೆಕೆಳಗೆ ಆಡಿಸಬಲ್ಲರೇ ಎಂಬುದು ಎರಡನೆಯದು. ಆಮೇಲೆ ನಿಲ್ಲುವುದು, ಕೊನೆಗೆ ನಿಂತಲ್ಲೇ ಹೆಜ್ಜೆ ಎತ್ತಿಡುವುದು. ಯಾವ ಹಂತದಲ್ಲಿ ರೋಗಿ ಸೋಲುತ್ತಾರೋ ಅಲ್ಲಿಂದ ಮುಂದಿನದು ಅವರಿಂದ ಆಗದೆಂದು ತಿಳಿದು ಸಾಗಿಸುವ ಬಗೆಯನ್ನು ನಿರ್ಧರಿಸಬೇಕು. ಕೈ ಕುಲುಕಲಾರದವರನ್ನು ನಿಲ್ಲಿಸಲು ಹೋಗುವುದೇ ತಪ್ಪು; ಅವರಿಗೆ ಜಾರುಹಾಸು (ಜಾರಿಸಲು ಮೈಯಡಿಗೆ ಹಾಸುವ ನುಣುಪು ಬಟ್ಟೆ) ಅಥವಾ ಎತ್ತುಯಂತ್ರ ಬೇಕು. ಬೆಳಿಗ್ಗೆ ಚೆನ್ನಾಗಿ ನಿಂತವರು ರಾತ್ರಿ ನಿದ್ರೆಮಾತ್ರೆಯ ಮೇಲೆ ನಿಲ್ಲಲಾರರು, ಆದ್ದರಿಂದ ಈ ಅಂದಾಜು ಪಾಳಿಗೊಮ್ಮೆಯಾದರೂ ಹೊಸದಾಗಿ ಆಗಬೇಕು. ಬಹಳ ಹೊತ್ತು ಮಲಗಿದ್ದವರನ್ನು ಎಬ್ಬಿಸುವಾಗ ರಕ್ತದೊತ್ತಡ ಕುಸಿಯುವುದೂ ಉಂಟು. ನಿಂತ 3 ನಿಮಿಷಗಳೊಳಗೆ ಮೇಲಿನ ಅಂಕಿ 20ರಷ್ಟು ಅಥವಾ ಕೆಳಗಿನ ಅಂಕಿ 10ರಷ್ಟು ಇಳಿದರೆ ಅದನ್ನು ಗಂಭೀರವಾಗಿ ಎಣಿಸಬೇಕು. ಹೀಗಾಗಿ ಕಾಲು ಇಳಿಬಿಟ್ಟು ಕೂರಿಸಿ ಒಂದೆರಡು ನಿಮಿಷ ಮಾತನಾಡಿಸುವುದು ಕಾಲಹರಣವಲ್ಲ.

ಅಂದಾಜಿನ ಮುಂದಿನ ಭಾಗ ಸುತ್ತಲಿನ ನೋಟ. ಮಂಚದ ಹಾಗೂ ಗಾಲಿಕುರ್ಚಿಯ ಬ್ರೇಕು, ಮೂತ್ರದ ಚೀಲ, ಡ್ರಿಪ್ಪಿನ ಕೊಳವೆ ಇವೆಲ್ಲ ಪುಸ್ತಕದಲ್ಲಿವೆ. ನಮ್ಮೂರಿನದ್ದೇ ಆದ ಕೆಲವು ಸಂಗತಿಗಳು ಪುಸ್ತಕದಲ್ಲಿಲ್ಲ. ಪಾರ್ಶ್ವವಾಯು ಆದವರಿಗೆ ಮನೆಯವರು ತೈಲ ಹಚ್ಚಿ ತಿಕ್ಕಿರುತ್ತಾರೆ, ಆ ಮೈಯನ್ನು ಹಿಡಿದರೆ ಕೈ ನಿಲ್ಲುವುದಿಲ್ಲ. ಉಟ್ಟ ಮುಂಡು ಎದ್ದು ನಿಲ್ಲುವ ಹೊತ್ತಿಗೆ ಸರಿಯಾಗಿ ಸಡಿಲಗೊಳ್ಳುತ್ತದೆ. ಮರ್ಯಾದೆಯ ಪ್ರಶ್ನೆಯಾದುದರಿಂದ ಅಜ್ಜ ಕುರ್ಚಿಯ ಕೈಯನ್ನು ಬಿಟ್ಟು ಮುಂಡನ್ನು ಹಿಡಿಯುತ್ತಾರೆ, ಬೈಸ್ಟಾಂಡರೂ ಅದೇ ಮುಂಡಿಗೆ ಕೈ ಹಾಕುತ್ತಾನೆ, ಅಜ್ಜನನ್ನು ಹಿಡಿಯಲು ಯಾರೂ ಉಳಿಯುವುದಿಲ್ಲ. ಎಬ್ಬಿಸುವ ಮೊದಲು ಮುಂಡನ್ನು ಮಡಚಿ ಬಿಗಿಯಾಗಿ ಕಟ್ಟುವುದು, ಎಣ್ಣೆಯಾದಲ್ಲಿ ಒಣಬಟ್ಟೆಯಿಂದ ಒರೆಸುವುದು, ಮಳೆಗಾಲದಲ್ಲಿ ನೆಲದ ಪಸೆ ನೋಡುವುದು ತರಬೇತಿಯ ಭಾಗವೇ ಆಗಬೇಕು.

ಇನ್ನು ಸಾಗಿಸುವ ಕ್ರಮಗಳು. ಹಾಸಿಗೆಯಲ್ಲಿ ಕೆಳಕ್ಕೆ ಜಾರಿದ ರೋಗಿಯನ್ನು ತಲೆಯ ಕಡೆಗೆ ಏರಿಸುವುದು ವಾರ್ಡಿನಲ್ಲಿ ದಿನಕ್ಕೆ ಅದೆಷ್ಟೋ ಸಲ ನಡೆಯುವ ಕೆಲಸ, ಆದ್ದರಿಂದ ಅದನ್ನೇ ವಿವರವಾಗಿ ನೋಡೋಣ. ರೂಢಿಯಲ್ಲಿ ಇಬ್ಬರು ಆಚೀಚೆ ನಿಂತು ರೋಗಿಯ ಕಂಕುಳಿಗೆ ತೋಳು ಕೊಟ್ಟು ‘ಹಾ’ ಎಂದು ಎಳೆಯುತ್ತಾರೆ. ಹೀಗೆ ಎಳೆದಾಗ ಚರ್ಮ ಹಾಸಿಗೆಗೆ ಅಂಟಿಕೊಂಡಿದ್ದು ಒಳಗಿನ ಮೂಳೆ ಮಾತ್ರ ಮೇಲಕ್ಕೆ ಸರಿಯುತ್ತದೆ. ನಡುವಿನ ಸೂಕ್ಷ್ಮ ರಕ್ತನಾಳಗಳು ತಿರುಚಿ ಹರಿಯುತ್ತವೆ. ಸೊಂಟದ ಹಿಂಭಾಗದಲ್ಲೂ ಹಿಮ್ಮಡಿಯಲ್ಲೂ ಹಾಸಿಗೆ ಹುಣ್ಣು ಹುಟ್ಟುವ ಒಂದು ದಾರಿ ಇದು. ಪಾರ್ಶ್ವವಾಯು ಆದ ಬದಿಯ ಭುಜವನ್ನು ಹಿಡಿದಿಡಲು ಸ್ನಾಯುಬಲ ಇರುವುದಿಲ್ಲವಾದ್ದರಿಂದ ಕಂಕುಳಿನ ಎಳೆತಕ್ಕೆ ಕೀಲು ಜಾರಬಹುದು. ಕಂಕುಳಿಗೆ ಕೈ ಹಾಕಿ ಎಳೆಯುವ ಕ್ರಮವನ್ನು ಪೂರ್ತಿ ಬಿಡಬೇಕು ಎನ್ನುವುದಕ್ಕೆ ನರ್ಸಿನ ಬೆನ್ನು ಮಾತ್ರವಲ್ಲ, ರೋಗಿಯ ಭುಜವೂ ಕಾರಣ.

ಇದರ ಬದಲು ಜಾರುಹಾಸು ಬಳಸುತ್ತಾರೆ. ಅದು ನುಣುಪಾದ ನೈಲಾನ್ ಬಟ್ಟೆ. ಎರಡು ಪದರವಾಗಿ ಹಾಸಿದಾಗ ಮೇಲಿನ ಪದರ ಕೆಳಗಿನದರ ಮೇಲೆ ಜಾರುತ್ತದೆ, ರೋಗಿಯ ಚರ್ಮ ಯಾವುದಕ್ಕೂ ಉಜ್ಜುವುದಿಲ್ಲ. ಹಾಸನ್ನು ಹಾಕಲು ರೋಗಿಯನ್ನು ಎತ್ತಬೇಕಾಗಿಲ್ಲ, ಒಂದು ಮಗ್ಗುಲಿಗೆ ಹೊರಳಿಸಿ ಸುತ್ತಿದ ಅಂಚನ್ನು ಬೆನ್ನಿನಡಿಗೆ ತಳ್ಳಿ, ಇನ್ನೊಂದು ಮಗ್ಗುಲಿಗೆ ಹೊರಳಿಸಿ ಬಿಡಿಸಿಕೊಂಡರಾಯಿತು. ಉಸಿರಾಟದ ತೊಂದರೆ ಇಲ್ಲದವರಾದರೆ ಮಂಚದ ತಲೆಭಾಗವನ್ನು ಚಪ್ಪಟೆ ಮಾಡಬೇಕು; ಇಳಿಜಾರಿನಲ್ಲಿ ಮೇಲಕ್ಕೆ ಎಳೆಯುವುದಕ್ಕಿಂತ ಸಮತಟ್ಟಿನಲ್ಲಿ ಸರಿಸುವುದು ಸುಲಭ. ಮಂಚವನ್ನು ನರ್ಸಿನ ಸೊಂಟದ ಎತ್ತರಕ್ಕೆ ತರಬೇಕು. ಸಾಧ್ಯವಿರುವ ರೋಗಿಗೆ ಗದ್ದವನ್ನು ಎದೆಗೆ ತಂದು ಮೊಣಕಾಲು ಮಡಚಲು ಹೇಳಬೇಕು. ನರ್ಸ್ ಒಂದು ಪಾದವನ್ನು ರೋಗಿಯ ತಲೆಯ ದಿಕ್ಕಿಗೆ ಮುಂದಿಟ್ಟು, ಹಾಸಿನ ಅಂಚನ್ನು ಮೈಗೆ ಹತ್ತಿರ ಹಿಡಿದು, ಹಿಂದಿನ ಕಾಲಿನಿಂದ ಮುಂದಿನ ಕಾಲಿಗೆ ತನ್ನ ತೂಕವನ್ನು ವರ್ಗಾಯಿಸಿದರೆ ತೋಳು ಎಳೆಯದೆಯೇ ರೋಗಿ ಸರಿಯುತ್ತಾರೆ. ಕೆಲಸ ಮುಗಿದೊಡನೆ ಹಾಸನ್ನು ತೆಗೆಯಲೇಬೇಕು. ಅದರ ಮೇಲೆಯೇ ಬಿಟ್ಟರೆ ರೋಗಿ ಮಂಚದಿಂದಲೇ ಜಾರಿ ಬೀಳಬಹುದು.

ಮಂಚದಿಂದ ಗಾಲಿಕುರ್ಚಿಗೆ ಸಾಗಿಸುವಾಗ ಕುರ್ಚಿಯನ್ನು ರೋಗಿಯ ಬಲವಿರುವ ಬದಿಗೆ ಓರೆಯಾಗಿ ಇಟ್ಟು, ಬ್ರೇಕು ಹಾಕಿ, ಪಾದದ ಹಲಗೆಗಳನ್ನು ಸರಿಸಬೇಕು. ಕುಳಿತಲ್ಲಿಂದ ಏಳುವ ಗುಟ್ಟು ಮುಂದಕ್ಕೆ ಬಾಗುವುದರಲ್ಲಿದೆ. ಪಾದಗಳು ಮೊಣಕಾಲಿಗಿಂತ ಸ್ವಲ್ಪ ಹಿಂದಿದ್ದು, ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು ಬಾಗಿದಾಗ ಆಸನದ ಮೇಲಿನ ಭಾರ ಪಾದಕ್ಕೆ ಇಳಿದು ಸೊಂಟ ತಾನಾಗಿ ಹಗುರಾಗುತ್ತದೆ. ನಾವು ಎಲ್ಲರೂ ದಿನವೂ ಹೀಗೆಯೇ ಏಳುತ್ತೇವೆ, ಗಮನಿಸಿರುವುದಿಲ್ಲ ಅಷ್ಟೆ. ಎದುರಿಗೆ ಒತ್ತಿ ನಿಂತು ಎಬ್ಬಿಸಲು ಹೋಗುವ ನರ್ಸ್ ರೋಗಿ ಬಾಗಬೇಕಾದ ಜಾಗವನ್ನೇ ತಡೆದಿರುತ್ತಾರೆ. ಪಕ್ಕದಲ್ಲಿ ನಿಂತು, ರೋಗಿಯ ಸೊಂಟಕ್ಕೆ ಕಟ್ಟಿದ ಪಟ್ಟಿಯನ್ನು ಹಿಡಿದು, ಕುರ್ಚಿಯ ಅಂಚು ಮೊಣಕಾಲಿನ ಹಿಂಬದಿಗೆ ತಾಗಿದ್ದು ರೋಗಿಗೆ ಅರಿವಾದ ಮೇಲೆಯೇ ಕೂರಿಸಬೇಕು. ನರ್ಸಿನ ಕುತ್ತಿಗೆಗೆ ರೋಗಿ ಕೈ ಹೆಣೆಯುವುದನ್ನು ಎಂದೂ ಒಪ್ಪಬಾರದು.

ಬೆನ್ನುಮೂಳೆಗೆ ಪೆಟ್ಟಾದ ಶಂಕೆಯಿರುವವರನ್ನು ಮರದ ದಿಮ್ಮಿಯಂತೆ ಒಂದೇ ತುಂಡಾಗಿ ಹೊರಳಿಸುವ ಕ್ರಮಕ್ಕೆ ಕಡಿಮೆಯೆಂದರೆ ನಾಲ್ವರು ಬೇಕು; ತಲೆಯನ್ನು ಹಿಡಿದವರು ಮಾತ್ರ ಆಜ್ಞೆ ಕೊಡಬೇಕು.

ಆಜ್ಞೆಯ ಮಾತು ಬಂದುದರಿಂದ ಮತ್ತೆ ಭಾಷೆಗೆ ಮರಳಬೇಕಾಗಿದೆ. ಒಂದು ಮಂಚದ ಸುತ್ತ ತುಳು, ಕನ್ನಡ, ಮಲಯಾಳ, ಬ್ಯಾರಿ ಆಡುವವರು ನಿಂತಿರುವುದು ಮಂಜೇಶ್ವರದಿಂದ ಕಾಞಂಗಾಡಿನ ತನಕ ಸಾಮಾನ್ಯ ದೃಶ್ಯ. ‘ಒಂಜಿ, ರಡ್ಡ್, ಮೂಜಿ’ ಎಂದರೂ ‘ಒನ್ನ್, ರಂಡ್, ಮೂನ್ನ್’ ಎಂದರೂ ಅರ್ಥವೇನೋ ಎಲ್ಲರಿಗೂ ಆಗುತ್ತದೆ; ತೊಂದರೆ ಇರುವುದು ಮೂರರಲ್ಲಿ. ಮೂರು ಎನ್ನುವಾಗ ಸರಿಸುವುದೋ, ಮೂರು ಎಂದ ಮೇಲೆ ಸರಿಸುವುದೋ? ಒಬ್ಬರು ಅರ್ಧ ಕ್ಷಣ ಮುಂದಾದರೆ ಇಡೀ ಭಾರ ಅಷ್ಟು ಹೊತ್ತು ಅವರೊಬ್ಬರದೇ. ಅದಕ್ಕಾಗಿ ಎಣಿಸುವುದನ್ನು ಬಿಟ್ಟು, ‘ರೆಡಿ’ ಎಂದು ಎಲ್ಲರ ಒಪ್ಪಿಗೆ ಪಡೆದು, ‘ಜಾರಿಸಿ’ ಎಂಬಂಥ ಕ್ರಿಯಾಪದಕ್ಕೇ ಸರಿಯಾಗಿ ಚಲಿಸುವ ಅಭ್ಯಾಸ ಮಾಡಿಸುವುದು ಉತ್ತಮ. ರೋಗಿಯೊಡನೆ ಆಡಲು ಕನ್ನಡದ ‘ಕುಳಿತುಕೊಳ್ಳಿ’, ತುಳುವಿನ ‘ಲಕ್ಕ್‌ಲೆ’ (ಏಳಿ), ‘ಉಂತುಲೆ’ (ನಿಲ್ಲಿ), ‘ಕುಲ್ಲುಲೆ’ (ಕುಳಿತುಕೊಳ್ಳಿ) ಎಂಬಂಥ ಹತ್ತು ಹನ್ನೆರಡು ಮಾತುಗಳನ್ನು ಹೊರಗಿನಿಂದ ಬಂದ ನರ್ಸಿಗೆ ಮೊದಲ ವಾರದಲ್ಲೇ ಕಲಿಸಬಹುದು. ‘ಇರಿ’ಯನ್ನು ಮಾತ್ರ ಎರಡೂ ಕಡೆಯವರು ಬಿಡಬೇಕು. ಅದೃಷ್ಟಕ್ಕೆ ‘ಮೆಲ್ಲ’ ಎಂಬ ಮಾತು ಕನ್ನಡದಲ್ಲೂ ತುಳುವಿನಲ್ಲೂ ಒಂದೇ, ಮಲಯಾಳದಲ್ಲಿ ‘ಮೆಲ್ಲೆ’ ಆಗುತ್ತದೆ. ಅದನ್ನು ಎಷ್ಟು ಸಲ ಹೇಳಿದರೂ ಅಪಾಯವಿಲ್ಲ.

ಕಲಿಸುವ ಬಗೆಯ ಬಗ್ಗೆ ನನ್ನ ಅಭಿಪ್ರಾಯ ಅನುಭವದಿಂದ ಬಂದದ್ದು. ಪ್ರತಿ ನರ್ಸೂ ಒಮ್ಮೆ ರೋಗಿಯಾಗಿ ಮಲಗಬೇಕು. ಕಣ್ಣು ಮುಚ್ಚಿ, ಮೈ ಸಡಿಲಬಿಟ್ಟು, ಏನೂ ಹೇಳದೆ ಸಹೋದ್ಯೋಗಿಗಳು ತನ್ನನ್ನು ಕಂಕುಳು ಹಿಡಿದು ಎಳೆಯುವಾಗ ಏನಾಗುತ್ತದೆಂದು ಒಮ್ಮೆ ಅನುಭವಿಸಿದವರಿಗೆ ಎರಡನೆಯ ಪಾಠ ಬೇಕಾಗುವುದಿಲ್ಲ. ಕೈ ತಾನಾಗಿ ಪಕ್ಕದ ಕಂಬಿಯನ್ನು ಹುಡುಕುತ್ತದೆ, ಹಿಡಿದದ್ದನ್ನು ಬಿಡುವುದಿಲ್ಲ. ‘ರೋಗಿ ಸಹಕರಿಸುವುದಿಲ್ಲ’ ಎಂದು ನಾವು ದಿನಚರಿಯಲ್ಲಿ ಬರೆಯುವುದರಲ್ಲಿ ಬಹುಪಾಲು ಇದೇ ಹಿಡಿತ. ವರ್ಷಕ್ಕೊಂದು ಪೂರ್ತಿ ದಿನದ ಬದಲು ವಾರಕ್ಕೊಮ್ಮೆ ವಾರ್ಡಿನಲ್ಲಿಯೇ, ಅಲ್ಲಿನ ಮಂಚ ಮತ್ತು ಅಲ್ಲಿನ ಕುರ್ಚಿಯನ್ನೇ ಬಳಸಿ ಹದಿನೈದು ನಿಮಿಷ ಮಾಡಿಸಿದರೆ, ಮಂಚದ ಹ್ಯಾಂಡಲ್ ತುಕ್ಕು ಹಿಡಿದಿದೆ, ಜಾರುಹಾಸು ಬೀರುವಿನಲ್ಲಿದ್ದು ಕೀ ಬೇರೆ ಪಾಳಿಯವರಲ್ಲಿದೆ ಎಂಬಂಥ ನಿಜವಾದ ಅಡ್ಡಿಗಳು ಹೊರಬೀಳುತ್ತವೆ. ಹಿರಿಯ ಸಿಸ್ಟರ್ ಸ್ವತಃ ಕಂಕುಳಿಗೆ ಕೈ ಹಾಕುವ ವಾರ್ಡಿನಲ್ಲಿ ಕಿರಿಯರಿಗೆ ಕೊಟ್ಟ ತರಬೇತಿ ಒಂದು ವಾರವೂ ಬಾಳುವುದಿಲ್ಲ. ಬೀಳುತ್ತಿರುವವರನ್ನು ಎತ್ತಿ ಹಿಡಿಯಲು ಹೋಗಬಾರದು, ತಲೆಗೆ ಪೆಟ್ಟಾಗದಂತೆ ನೆಲಕ್ಕೆ ಇಳಿಯಲು ಬಿಡಬೇಕು ಎಂಬುದನ್ನೂ ಮಾಡಿಸಿಯೇ ಕಲಿಸಬೇಕು. ಕೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ, ಬೀಳುವಾಗ ಎಲ್ಲರೂ ಹಿಡಿಯುತ್ತಾರೆ. ಬಿದ್ದವರನ್ನು ಕೂಡಲೇ ಎಬ್ಬಿಸಲೂ ಬಾರದು. ಒಂದು ಕಾಲು ಗಿಡ್ಡವಾಗಿ ಪಾದ ಹೊರಕ್ಕೆ ತಿರುಗಿದ್ದರೆ ತೊಡೆಮೂಳೆಯ ಕತ್ತು ಮುರಿದಿರುವ ಸಂಭವವಿದೆ.

ಕಾಸರಗೋಡು ಜಿಲ್ಲೆಯಲ್ಲಿ ರೋಗಿಗಳನ್ನು ಸಾಗಿಸುವ ಕೆಲಸ ಆಸ್ಪತ್ರೆಗಿಂತ ಹೆಚ್ಚಾಗಿ ಮನೆಗಳಲ್ಲಿ ನಡೆಯುತ್ತದೆ. ಕೇರಳ 2008ರಲ್ಲಿ ನೋವು ಮತ್ತು ಸಾಂತ್ವನ ಚಿಕಿತ್ಸೆಯ ನೀತಿಯನ್ನು ತಂದ ಮೇಲೆ ಪಂಚಾಯತುಗಳ ಸಾಂತ್ವನ ನರ್ಸುಗಳು ಹಾಸಿಗೆ ಹಿಡಿದವರ ಮನೆಗಳಿಗೆ ಹೋಗುತ್ತಿದ್ದಾರೆ. ಜೀಪು ನಿಲ್ಲುವುದು ರಸ್ತೆಯಲ್ಲಿ. ಮನೆಯಿರುವುದು ಕೆಂಪುಕಲ್ಲಿನ ಮೆಟ್ಟಿಲುಗಳನ್ನು ಇಳಿದು ಅಡಿಕೆ ತೋಟದ ತಗ್ಗಿನಲ್ಲಿ. ಆಸ್ಪತ್ರೆಗೆ ಒಯ್ಯಬೇಕಾದರೆ ರೋಗಿಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನಾಲ್ವರು ಹೊತ್ತು ಏರಿಸುತ್ತಾರೆ. ಹೊರಲು ಮಾಡಿದ ಕುರ್ಚಿಯಲ್ಲ ಅದು. ಅದರ ಕಾಲು ಚಪ್ಪಟೆಯಾಗಿ ಹರಡಿ ಮುರಿಯುವುದುಂಟು. ಬೇರೆ ಉಪಾಯವಿಲ್ಲದಿದ್ದರೆ ಬಿರುಕಿಲ್ಲದ ಕುರ್ಚಿಯನ್ನು ಆರಿಸಿ, ರೋಗಿಯ ಎದೆಗೂ ಸೊಂಟಕ್ಕೂ ಶಾಲು ಕಟ್ಟಿ, ಕುರ್ಚಿಯ ಕೈಗಳನ್ನು ಹಿಡಿಯದೆ ಆಸನದ ಚೌಕಟ್ಟಿನ ಅಡಿಯಲ್ಲಿ ಹಿಡಿದು, ರೋಗಿಯ ಮುಖ ಇಳಿಜಾರಿನ ಕಡೆಗಿರುವಂತೆ ಹೊರಬೇಕೆಂದು ಸ್ವಯಂಸೇವಕರಿಗೆ ತೋರಿಸಿಕೊಡಬೇಕು.

ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಬದಿಯಡ್ಕ ಮೊದಲಾದ ಪಂಚಾಯತುಗಳಲ್ಲಿ ಇನ್ನೊಂದು ಬಗೆಯ ಮನೆಗಳಿವೆ. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸುವುದು 2000ದಲ್ಲಿ ನಿಂತಿತು. ಆ ಕಾಲದಲ್ಲಿ ಹುಟ್ಟಿ ಮಲಗಿದಲ್ಲಿಯೇ ಬೆಳೆದ ಮಕ್ಕಳು ಈಗ ಮಕ್ಕಳಲ್ಲ. ಒಂದಾನೊಂದು ಕಾಲದಲ್ಲಿ ಕಂಕುಳಲ್ಲಿ ಎತ್ತಿಕೊಂಡು ಸ್ನಾನಕ್ಕೆ ಒಯ್ಯುತ್ತಿದ್ದ ತಾಯಿ, ಮಗನ ತೂಕ 40 ಕಿಲೋ ದಾಟಿದ ಮೇಲೂ ಅದೇ ಬಗೆಯಲ್ಲಿ ಎತ್ತುತ್ತಾರೆ. ತೂಕ ದಿನಕ್ಕೊಂದಿಷ್ಟರಂತೆ ಏರಿದ್ದರಿಂದ ಯಾವ ದಿನ ನಿಲ್ಲಿಸಬೇಕಿತ್ತು ಎಂದು ಅವರಿಗೆ ತಿಳಿದಿರುವುದಿಲ್ಲ. ಇಂಥಲ್ಲಿ ನರ್ಸ್ ಬಂದು ತಾನೇ ಚೆನ್ನಾಗಿ ಸಾಗಿಸಿ ಹೋದರೆ ಪ್ರಯೋಜನವಿಲ್ಲ, ಉಳಿದ ದಿನಗಳಲ್ಲಿ ಸಾಗಿಸುವವರು ತಾಯಿಯೇ. ಆದ್ದರಿಂದ ಮನೆಗೆ ಹೋಗುವ ನರ್ಸಿಗೆ ಸಾಗಿಸುವುದರ ಜತೆಗೆ ಕಲಿಸುವುದನ್ನೂ ಕಲಿಸಬೇಕಾಗುತ್ತದೆ.

ಅಲ್ಲಿನ ಮೊದಲ ಕೆಲಸ ಹೆಚ್ಚಾಗಿ ಮಂಚದ್ದು. ಪೂರ್ತಿ ಮಲಗಿರುವವರ ಮಂಚ ಎತ್ತರದಲ್ಲಿದ್ದಷ್ಟು ತಾಯಿ ಬಾಗುವುದು ಕಡಿಮೆಯಾಗುತ್ತದೆ. ನಡುವೆ ಕುಳಿ ತೋಡಿದ ಮರದ ತುಂಡುಗಳನ್ನು ನಾಲ್ಕು ಕಾಲುಗಳಿಗೂ ಕೊಟ್ಟು, ಅಲ್ಲಾಡುವುದಿಲ್ಲವೆಂದು ನೋಡಿ ಏರಿಸಬಹುದು. ಕಾಲೂರಿ ಏಳಬಲ್ಲವರ ಮಂಚವನ್ನು ಹೀಗೆ ಏರಿಸಿದರೆ ಅವರ ಪಾದ ನೆಲಕ್ಕೆ ತಾಗದೆ, ಇದ್ದ ಬಲವೂ ಉಪಯೋಗಕ್ಕೆ ಬಾರದಂತಾಗುತ್ತದೆ. ಯಾರಿಗೆ ಯಾವುದು ಎಂಬುದನ್ನು ಕೈ ಕುಲುಕಿ, ಮೊಣಕಾಲು ನೇರ ಮಾಡಿಸಿ ನೋಡಿಯೇ ತೀರ್ಮಾನಿಸಬೇಕು. ಎರಡನೆಯ ಭೇಟಿಯಲ್ಲಿ ‘ನಾನು ಹೇಳಿದಂತೆ ಮಾಡುತ್ತಿದ್ದೀರಾ ಅಮ್ಮ?’ ಎಂದು ಕೇಳಿದರೆ ‘ಹೌದು ಸಿಸ್ಟರ್’ ಎಂಬ ಉತ್ತರವೇ ಬರುತ್ತದೆ. ಹಾಗೆ ಕೇಳದೆ, ‘ಅವನನ್ನು ಗೋಡೆ ಕಡೆಗೆ ಒಮ್ಮೆ ಹೊರಳಿಸಿ, ನಾನು ನೋಡುತ್ತೇನೆ’ ಎಂದು ಹೇಳಿ, ಕೈಕಟ್ಟಿ ಬದಿಗೆ ನಿಲ್ಲಬೇಕು.